‘ಬೇಕು’ ಎಂದದ್ದನ್ನು ‘ಸಾಕು’ ಎಂದು ಓದಿದಾಗ: ಒಂದು ತರ್ಕದ ಪ್ರಶ್ನೆ, ನಾಲ್ಕು ಉತ್ತರ

ದಾವಣಗೆರೆಯ ವಿದ್ಯಾನಗರದಲ್ಲಿ ಕೆ-ಸೆಟ್ (ಸಹಾಯಕ ಪ್ರಾಧ್ಯಾಪಕರಾಗಲು ಬರೆಯುವ ರಾಜ್ಯದ ಅರ್ಹತಾ ಪರೀಕ್ಷೆ) ಪರೀಕ್ಷೆಗೆ ಒಟ್ಟಿಗೆ ಕೂತು ಓದುವ ನಾಲ್ವರ ಗುಂಪೊಂದಿದೆ. ಹರಿಹರದ ರಸಾಯನಶಾಸ್ತ್ರ ಎಂ.ಎಸ್ಸಿ. ಒಬ್ಬರು, ಎಂ.ಕಾಂ. ಒಬ್ಬರು, ಜಗಳೂರಿನ ಕನ್ನಡ ಎಂ.ಎ. ಒಬ್ಬರು, ಚಿತ್ರದುರ್ಗದ ಕಡೆಯ ಭೂವಿಜ್ಞಾನ ಎಂ.ಎಸ್ಸಿ. ಇನ್ನೊಬ್ಬರು. ವಾರಕ್ಕೊಮ್ಮೆ ಸಾಮಾನ್ಯ ಪತ್ರಿಕೆಯ ಅಣಕು ಪರೀಕ್ಷೆ ಬರೆದು, ಉತ್ತರ ಹೋಲಿಸಿ, ತಪ್ಪಿದ್ದನ್ನು ಚರ್ಚಿಸುವುದು ಅವರ ರೂಢಿ. ಒಂದು ವಾರ ‘ಒಳ್ಳೆಯ ವೈಜ್ಞಾನಿಕ ಸಿದ್ಧಾಂತ ಯಾವುದು’ ಎಂಬುದರ ಮೇಲಿದ್ದ ಒಂದು ಪ್ರಶ್ನೆಗೆ ನಾಲ್ವರೂ ನಾಲ್ಕು ಬೇರೆ ಬೇರೆ ಆಯ್ಕೆ ಗುರುತಿಸಿದರು. ಅಂದರೆ ಒಬ್ಬರದು ಸರಿ, ಮೂವರದು ತಪ್ಪು. ಸರಿಯಾದ ಆ ಒಂದು ಉತ್ತರವೂ ತಪ್ಪು ದಾರಿಯಲ್ಲಿ ಬಂದದ್ದು ಎಂದು ಮುಂದಿನ ವಾರ ಗೊತ್ತಾಯಿತು. ಇಷ್ಟು ಚಿಕ್ಕ ಪ್ರಶ್ನೆಯಲ್ಲಿ ಇಷ್ಟು ಬಗೆಯ ತಪ್ಪು ಒಟ್ಟಿಗೆ ಕಾಣಸಿಗುವುದು ಅಪರೂಪ. ಅದಕ್ಕೇ ಅದನ್ನು ಬಿಡಿಸಿ ಬರೆದಿಡುವುದು ಉಪಯುಕ್ತ.

ಪರೀಕ್ಷೆಯ ಲೆಕ್ಕ ಮೊದಲು. ಎಲ್ಲರಿಗೂ ಸಾಮಾನ್ಯವಾದ ಪತ್ರಿಕೆ 1ರಲ್ಲಿ 50 ಪ್ರಶ್ನೆ, ಅವರವರ ವಿಷಯದ ಪತ್ರಿಕೆ 2ರಲ್ಲಿ 100. ಪ್ರತಿಯೊಂದಕ್ಕೂ 2 ಅಂಕ, ಒಟ್ಟು 3 ಗಂಟೆ. ಭಾಗಿಸಿದರೆ ಒಂದು ಪ್ರಶ್ನೆಗೆ 72 ಸೆಕೆಂಡ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಂಶೋಧನಾ ಸಾಮರ್ಥ್ಯ ಮತ್ತು ತಾರ್ಕಿಕ ವಿವೇಚನೆ ಪಠ್ಯಕ್ರಮದಲ್ಲಿ ಎರಡು ಬೇರೆ ಘಟಕಗಳು. ಸಿದ್ಧಾಂತದ ಲಕ್ಷಣ ಕೇಳುವ ಪ್ರಶ್ನೆ ಈ ಎರಡರ ಗಡಿಯಲ್ಲಿ ನಿಲ್ಲುತ್ತದೆ. ಅಭ್ಯರ್ಥಿಗಳು ಅದನ್ನು ಸಂಶೋಧನಾ ಘಟಕದ ಪ್ರಶ್ನೆ ಎಂದುಕೊಂಡು ನೆನಪಿನಿಂದ ಉತ್ತರಿಸುತ್ತಾರೆ. ಅದು ಕೇಳುವುದು ತರ್ಕವನ್ನು.

ಪ್ರಶ್ನೆ ಹೀಗಿತ್ತು:

“ಒಂದು ವಿವರಣೆ ಒಳ್ಳೆಯ ವೈಜ್ಞಾನಿಕ ಸಿದ್ಧಾಂತ ಎನಿಸಿಕೊಳ್ಳಬೇಕಾದರೆ, ಏನು ಕಂಡುಬಂದರೆ ತಾನು ತಪ್ಪು ಎಂಬುದನ್ನು ಅದು ಮೊದಲೇ ಹೇಳಿರಬೇಕು. ಬೋರ್‌ವೆಲ್ ಜಾಗ ಗುರುತಿಸುವ ಎರಡು ವಿವರಣೆಗಳಿವೆ. ಮೊದಲನೆಯದು: ಅಂಗೈ ಮೇಲಿಟ್ಟ ತೆಂಗಿನಕಾಯಿ ಎದ್ದು ನಿಂತ ಕಡೆ ನೀರಿನ ಸೆಲೆ ಇರುತ್ತದೆ; ಕೊರೆದಾಗ ನೀರು ಬರದಿದ್ದರೆ ಸೆಲೆ ಅಷ್ಟರಲ್ಲಿ ಸರಿದಿದೆ ಎಂದರ್ಥ; ಎಲ್ಲಿಗೆ ಸರಿಯಿತೆಂದು ಹೇಳಲಾಗದು, ಹಾಗಾಗಿ ಏನೇ ಆದರೂ ಗುರುತು ತಪ್ಪಾಯಿತು ಎನ್ನುವಂತಿಲ್ಲ. ಎರಡನೆಯದು: ನೀರು ತುಂಬಿದ ಬಿರುಕು ಶಿಲೆಯಲ್ಲಿ ವಿದ್ಯುತ್ ರೋಧ ಕಡಿಮೆ, ರೋಧ ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದ ಕಡೆ 200 ಅಡಿಯೊಳಗೆ ನೀರು ಸಿಗಬೇಕು, ಸಿಗದಿದ್ದರೆ ಈ ವಿವರಣೆ ತಪ್ಪು. ಈ ಮೇಲಿನ ಮಾತುಗಳಿಂದ ಖಚಿತವಾಗಿ ಹೊರಡುವ ತೀರ್ಮಾನ ಯಾವುದು?”

ಆಯ್ಕೆಗಳು: (1) ಎರಡನೆಯ ವಿವರಣೆ ಒಳ್ಳೆಯ ವೈಜ್ಞಾನಿಕ ಸಿದ್ಧಾಂತ. (2) ತೆಂಗಿನಕಾಯಿ ಎದ್ದು ನಿಂತ ಕಡೆ ನೀರು ಸಿಗುವುದಿಲ್ಲ. (3) ಮೊದಲನೆಯ ವಿವರಣೆ ಒಳ್ಳೆಯ ವೈಜ್ಞಾನಿಕ ಸಿದ್ಧಾಂತ ಅಲ್ಲ. (4) ಎರಡನೆಯ ವಿವರಣೆಯನ್ನು ನಂಬಿ ಕೊರೆಸಿದರೆ ನೀರು ಸಿಗುವ ಸಂಭವ ಹೆಚ್ಚು.

ರಸಾಯನಶಾಸ್ತ್ರದವರು 1, ಎಂ.ಕಾಂ.ನವರು 2, ಕನ್ನಡದವರು 3, ಭೂವಿಜ್ಞಾನದವರು 4. ಸರಿಯುತ್ತರ 3.

ಬೇಕು, ಸಾಕು

ಆಯ್ಕೆ 1 ಗುರುತಿಸಿದವರ ವಾದ ನೇರವಾಗಿತ್ತು. ‘ಒಳ್ಳೆಯ ಸಿದ್ಧಾಂತಕ್ಕೆ ಇಂಥ ಲಕ್ಷಣ ಬೇಕು. ಎರಡನೆಯದಕ್ಕೆ ಆ ಲಕ್ಷಣ ಇದೆ. ಆದ್ದರಿಂದ ಅದು ಒಳ್ಳೆಯ ಸಿದ್ಧಾಂತ.’ ಕೇಳಲು ಎಷ್ಟು ಸರಾಗ! ತಪ್ಪು ಇರುವುದು ‘ಬೇಕು’ ಎಂಬುದನ್ನು ‘ಸಾಕು’ ಎಂದು ಓದಿದ್ದರಲ್ಲಿ. ಕೆ-ಸೆಟ್ ಪಾಸಾಗಲು ಸ್ನಾತಕೋತ್ತರ ಓದು ಬೇಕು. ಸ್ನಾತಕೋತ್ತರ ಓದಿದವರೆಲ್ಲ ಕೆ-ಸೆಟ್ ಪಾಸಾಗಿದ್ದಾರೆಯೇ? ಕನ್ನಡದಲ್ಲಿ ಈ ಎರಡು ಮಾತು ಜೋಡಿಯಾಗಿಯೇ ಇವೆ. ಊಟಕ್ಕೆ ಕೂತ ಮಗುವಿಗೂ ‘ಬೇಕಾ, ಸಾಕಾ’ ಎಂಬ ವ್ಯತ್ಯಾಸ ಗೊತ್ತು. ಆದರೆ ‘ಅವಶ್ಯಕ ನಿಬಂಧನೆ’, ‘ಪರ್ಯಾಪ್ತ ನಿಬಂಧನೆ’ ಎಂದು ಪುಸ್ತಕದಲ್ಲಿ ಕಂಡ ಕೂಡಲೇ ಎರಡೂ ಒಂದೇ ಬಣ್ಣದವಾಗಿ ಬಿಡುತ್ತವೆ. ಆದ್ದರಿಂದ ಅಭ್ಯಾಸದಲ್ಲಿ ಈ ಪಾರಿಭಾಷಿಕ ಪದಗಳನ್ನು ಪಕ್ಕಕ್ಕಿಟ್ಟು ‘ಬೇಕು’, ‘ಸಾಕು’ ಎಂದೇ ಅಂಚಿನಲ್ಲಿ ಬರೆಯುವುದು ಒಳ್ಳೆಯದು.

ಯಾವ ವಾಕ್ಯದಲ್ಲಿ ಯಾವುದಿದೆ ಎಂದು ಕಂಡುಹಿಡಿಯಲು ಕನ್ನಡದ ಕೆಲವು ಗುರುತುಗಳಿವೆ. ‘ಮಳೆ ಬಂದರೆ ನೆಲ ನೆನೆಯುತ್ತದೆ’ ಎಂಬಲ್ಲಿ ಮಳೆ ಸಾಕು. ‘ಮಳೆ ಬಂದರೆ ಮಾತ್ರ ಬೆಳೆ’ ಎಂದಾಗ ಮಳೆ ಬೇಕು, ಆದರೆ ಸಾಕೆಂದು ಹೇಳಿಲ್ಲ. ‘ಮಳೆಯಿಲ್ಲದೆ ಬೆಳೆಯಿಲ್ಲ’, ‘ಬೆಳೆ ಬರಬೇಕಾದರೆ ಮಳೆ ಬರಬೇಕು’ ಎಂಬ ಎರಡೂ ಅದನ್ನೇ ಹೇಳುತ್ತವೆ. ‘ಇದಿದ್ದರೆ ಅದು’ ಎಂಬುದನ್ನು ‘ಇದು → ಅದು’ ಎಂದು ಬಾಣದಲ್ಲಿ ಬರೆದರೆ, ‘ಮಾತ್ರ’ ಎಂಬ ಒಂದು ಪದ ಆ ಬಾಣದ ದಿಕ್ಕನ್ನೇ ತಿರುಗಿಸುತ್ತದೆ. ಪತ್ರಿಕೆ ಎರಡು ಭಾಷೆಯಲ್ಲಿ ಅಚ್ಚಾಗಿದ್ದರೆ, ಕನ್ನಡ ವಾಕ್ಯ ತೊಡಕಾಗಿ ಕಂಡಾಗ ಇಂಗ್ಲಿಷಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಅಲ್ಲಿರುವುದು ಬರೀ ‘ಇಫ್’ ಎಂದೋ ‘ಓನ್ಲಿ ಇಫ್’ ಎಂದೋ ನೋಡಬೇಕು. ಅನುವಾದದಲ್ಲಿ ಮೊದಲು ಬಿದ್ದುಹೋಗುವುದು ಈ ‘ಮಾತ್ರ’.

ಪತ್ರಿಕೆ 1ರ ಪಠ್ಯಕ್ರಮದಲ್ಲೇ ಇರುವ ಭಾರತೀಯ ತರ್ಕಶಾಸ್ತ್ರ ಇಲ್ಲಿ ಚೆನ್ನಾಗಿ ಸಹಾಯಕ್ಕೆ ಬರುತ್ತದೆ. ಅಭ್ಯರ್ಥಿಗಳು ವ್ಯಾಪ್ತಿ (ಒಂದು ಇದ್ದಲ್ಲೆಲ್ಲ ಇನ್ನೊಂದು ಇದ್ದೇ ಇರುವ ನಂಟು), ಹೇತ್ವಾಭಾಸ (ಕಾರಣದಂತೆ ಕಂಡರೂ ಸರಿಯಾದ ಕಾರಣವಲ್ಲದ್ದು) ಎಂಬ ಹೆಸರುಗಳನ್ನು ಉರು ಹೊಡೆದು, ಅವನ್ನು ಬೇರೆ ಪ್ರಶ್ನೆಗಳಿಗೆ ಬಳಸದೆ ಬಿಡುವುದು ದೊಡ್ಡ ನಷ್ಟ. ‘ಹೊಗೆ ಇದ್ದಲ್ಲಿ ಬೆಂಕಿ’ ಎಂಬುದು ವ್ಯಾಪ್ತಿ. ‘ಬೆಂಕಿ ಇದ್ದಲ್ಲಿ ಹೊಗೆ’ ಎಂಬುದು ವ್ಯಾಪ್ತಿಯಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ ಎಂದು ನೈಯಾಯಿಕರು (ನ್ಯಾಯ ದರ್ಶನದ ಪಂಡಿತರು) ಶತಮಾನಗಳ ಹಿಂದೆಯೇ ಉದಾಹರಣೆ ಕೊಟ್ಟಿದ್ದಾರೆ. ಬೆಂಕಿಯಿಂದ ಹೊಗೆ ಬರಬೇಕಾದರೆ ಹಸಿ ಸೌದೆಯೂ ಸೇರಬೇಕು. ಆ ಹೆಚ್ಚುವರಿ ಷರತ್ತಿಗೆ ಅವರು ಉಪಾಧಿ ಎಂದರು. ದಾವಣಗೆರೆಯಲ್ಲಿ ಇದನ್ನು ನೋಡಲು ಮಂಡಕ್ಕಿ ಭಟ್ಟಿಗಳ ಕಡೆ ಹೋದರೆ ಸಾಕು: ದೂರದಿಂದ ಹೊಗೆ ಕಂಡರೆ ಕೆಳಗೆ ಒಲೆ ಉರಿಯುತ್ತಿದೆ ಎನ್ನಬಹುದು. ಆದರೆ ಬೆಣ್ಣೆ ದೋಸೆಯ ಕಾವಲಿ ಅಡಿ ನಿಗಿನಿಗಿ ಕೆಂಡ ಇದ್ದು ಹೊಗೆಯೇ ಇಲ್ಲದ ಹೊತ್ತೂ ಉಂಟು. ಅಂದಹಾಗೆ ನಿತ್ಯದ ಮಾತಿನಲ್ಲಿ ಅನುಮಾನ ಎಂದರೆ ಸಂಶಯ. ತರ್ಕದಲ್ಲಿ ಅದಕ್ಕೆ ಪೂರಾ ಬೇರೆ ಅರ್ಥ, ಕಂಡದ್ದರಿಂದ ಕಾಣದ್ದನ್ನು ಖಚಿತವಾಗಿ ತಿಳಿಯುವುದು.

ಪ್ರಶ್ನೆಯ ಮೊದಲ ವಾಕ್ಯವನ್ನು ಬಾಣದಲ್ಲಿ ಬರೆದರೆ ಹೀಗೆ: ಒಳ್ಳೆಯ ಸಿದ್ಧಾಂತ → ತಾನು ತಪ್ಪಾಗುವ ಸಂದರ್ಭ ಹೇಳಿದೆ. ಇದರಿಂದ ನ್ಯಾಯವಾಗಿ ಸಿಗುವುದು ಒಂದೇ ತಿರುವು. ಬಾಣದ ಎರಡೂ ತುದಿಗೆ ‘ಅಲ್ಲ’ ಸೇರಿಸಿ ದಿಕ್ಕು ತಿರುಗಿಸಬೇಕು: ತಪ್ಪಾಗುವ ಸಂದರ್ಭ ಹೇಳಿಲ್ಲ → ಒಳ್ಳೆಯ ಸಿದ್ಧಾಂತ ಅಲ್ಲ. ಮೊದಲನೆಯ ವಿವರಣೆಗೆ ಇದನ್ನು ಹಚ್ಚಿದರೆ ಆಯ್ಕೆ 3 ತಾನಾಗಿ ಬರುತ್ತದೆ. ಬರೀ ದಿಕ್ಕು ತಿರುಗಿಸಿದರೆ ಆಯ್ಕೆ 1 ಬರುತ್ತದೆ, ಅದು ತಪ್ಪು. ದಿಕ್ಕು ಹಾಗೇ ಇಟ್ಟು ಎರಡೂ ಕಡೆ ಬರೀ ‘ಅಲ್ಲ’ ಸೇರಿಸಿದರೆ ಅದೂ ತಪ್ಪೇ.

ಅಷ್ಟು ಹೇಳಿದರೂ ರಸಾಯನಶಾಸ್ತ್ರದವರಿಗೆ ಸಮಾಧಾನ ಆಗಲಿಲ್ಲ. ತಪ್ಪಾಗುವ ಸಂದರ್ಭವನ್ನು ಇಷ್ಟು ಚೊಕ್ಕವಾಗಿ ಹೇಳಿದ ಮೇಲೂ ಅದು ಒಳ್ಳೆಯ ಸಿದ್ಧಾಂತ ಆಗದೆ ಇರಲು ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆ. ಬಾಣ ತೋರಿಸಿದರೆ ಒಪ್ಪದವರು ಪ್ರತ್ಯುದಾಹರಣೆ ತೋರಿಸಿದರೆ ಒಪ್ಪುತ್ತಾರೆ. ಉದಾಹರಣೆ ಹಿರಿಯೂರಿನಲ್ಲೇ ಇತ್ತು. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಜನ ಕರೆಯುವ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದದ್ದು ಆಮೇಲೆ ದಶಕಗಟ್ಟಲೆ ಬೀಳಲಿಲ್ಲ. ‘ಮಾರಿಕಣಿವೆ ಇನ್ನು ಮುಂದೆ ಎಂದೂ ಕೋಡಿ ಬೀಳುವುದಿಲ್ಲ’ ಎಂದು 2000ದಲ್ಲಿ ಒಬ್ಬರು ಹೇಳಿದ್ದರು ಎಂದುಕೊಳ್ಳಿ. ಈ ಮಾತು ತಾನು ಯಾವಾಗ ತಪ್ಪಾಗುತ್ತೇನೆ ಎಂಬುದನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಹೇಳುತ್ತದೆ: ಕೋಡಿ ಬಿದ್ದ ದಿನ. 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ, ಕೋಡಿ ಬಿತ್ತು, ಮಾತು ಸುಳ್ಳಾಯಿತು. ಪ್ರಶ್ನೆಯಲ್ಲಿ ಹೇಳಿದ ಲಕ್ಷಣ ಅದಕ್ಕೆ ಪೂರ್ತಿ ಇತ್ತು. ಆದರೂ ಅದನ್ನು ಒಳ್ಳೆಯ ಸಿದ್ಧಾಂತ ಎನ್ನಲು ಯಾರೂ ಒಪ್ಪುವುದಿಲ್ಲ. ಪರೀಕ್ಷೆಗೆ ಒಡ್ಡಿಕೊಳ್ಳುವುದು ಬೇರೆ, ಪರೀಕ್ಷೆಯಲ್ಲಿ ಗೆಲ್ಲುವುದು ಬೇರೆ.

ಎಂ.ಕಾಂ.ನವರ ಜಾರು, ಭೂವಿಜ್ಞಾನದವರ ಜಾರು

ಆಯ್ಕೆ 2ರ ತಪ್ಪು ಬೇಗ ಹೇಳಿ ಮುಗಿಯುತ್ತದೆ. ಒಂದು ವಿವರಣೆ ಒಳ್ಳೆಯ ಸಿದ್ಧಾಂತ ಅಲ್ಲ ಎಂದ ಮಾತ್ರಕ್ಕೆ ಅದು ತೋರಿಸಿದ ಕಡೆ ನೀರೇ ಬರದು ಎಂದಾಗುವುದಿಲ್ಲ. ಕೆಟ್ಟುನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿಯಾದ ಹೊತ್ತು ತೋರಿಸುತ್ತದೆ. ಕಾಯಿ ಎದ್ದ ಕಡೆ ಕೊರೆಸಿ ಎರಡು ಇಂಚು ನೀರು ಬಿದ್ದ ಹೊಲಗಳು ಚಿತ್ರದುರ್ಗದಲ್ಲಿ ಇಲ್ಲವೆಂದಲ್ಲ. ಬಿರುಕುಗಳು ಹರಡಿದ ನೆಲದಲ್ಲಿ ಎಲ್ಲಿ ಕೊರೆದರೂ ಒಂದಷ್ಟು ಸಲ ನೀರು ಸಿಗುತ್ತದೆ. ‘ವಿವರಣೆ ಚೆನ್ನಾಗಿಲ್ಲ’ ಎಂಬುದು ವಿವರಣೆಯ ಮೇಲಿನ ಮಾತು, ‘ನೀರಿಲ್ಲ’ ಎಂಬುದು ನೆಲದ ಮೇಲಿನ ಮಾತು.

ಆಯ್ಕೆ 4 ಗುರುತಿಸಿದವರಿಗೆ ವಿಷಯ ಚೆನ್ನಾಗಿ ಗೊತ್ತಿದ್ದದ್ದೇ ತೊಡಕಾಯಿತು. ರೋಧಮಾಪನ ಅವರು ಕೈಯಾರೆ ಮಾಡಿದ ಕೆಲಸ: ನೆಲಕ್ಕೆ ಒಂದೇ ಸಾಲಿನಲ್ಲಿ ನಾಲ್ಕು ಕಂಬಿ ಹೊಡೆದು, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನ ಕಂಬಿಗಳನ್ನು ದೂರ ದೂರಕ್ಕೆ ಸರಿಸಿದಂತೆ ಹೆಚ್ಚು ಆಳದ ಮಾಹಿತಿ ಬರುತ್ತದೆ. ಗಟ್ಟಿ ಶಿಲೆಯಲ್ಲಿ ರೋಧ ಬಹಳ, ನೀರು ತುಂಬಿದ ಬಿರುಕಿನಲ್ಲಿ ಕಡಿಮೆ. ಇದೆಲ್ಲ ನಿಜ. ಆದರೆ ‘ಸಂಭವ ಹೆಚ್ಚು’ ಎಂಬ ಮಾತು ಪ್ರಶ್ನೆಯ ಯಾವ ಸಾಲಿನಲ್ಲೂ ಇಲ್ಲ. ಎರಡನೆಯ ವಿವರಣೆ ತಾನು ಯಾವಾಗ ತಪ್ಪು ಎಂದು ಹೇಳಿದೆಯೇ ಹೊರತು ಎಷ್ಟು ಸಲ ಗೆದ್ದಿದೆ ಎಂದು ಹೇಳಿಲ್ಲ. ನೆಲದ ಸತ್ಯವೂ ಅಷ್ಟು ಸಲೀಸಲ್ಲ: ಜೇಡಿಯಲ್ಲೂ ರೋಧ ಕಡಿಮೆ, ಆದರೆ ಜೇಡಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೋರಿಗೆ ಬಿಟ್ಟುಕೊಡುವುದಿಲ್ಲ. ಅದನ್ನು ಅವರೇ ಚರ್ಚೆಯಲ್ಲಿ ಹೇಳಿದರು, ಹೇಳುತ್ತಲೇ ತಮ್ಮ ಉತ್ತರವನ್ನು ಹೊಡೆದುಹಾಕಿದರು.

ಇಂಥ ಆಯ್ಕೆಗೆ ಒಂದು ಪರೀಕ್ಷೆ ಇದೆ. ಆಯ್ಕೆ ಸುಳ್ಳು ಎಂದು ಇಟ್ಟುಕೊಂಡು, ಪ್ರಶ್ನೆಯ ಮಾತುಗಳೆಲ್ಲ ನಿಜವಾಗಿಯೇ ಉಳಿಯುವ ಒಂದು ಸನ್ನಿವೇಶ ಕಟ್ಟಲು ಆಗುತ್ತದೆಯೇ ನೋಡಬೇಕು. ಮೀಟರ್ ತೋರಿಸಿದ ಹತ್ತು ಕಡೆ ಕೊರೆಸಿ ಹತ್ತೂ ಕಡೆ ಜೇಡಿ ಸಿಕ್ಕಿತು, ವಿವರಣೆ ತನ್ನ ಮಾತಿನಂತೆಯೇ ತಪ್ಪೆಂದಾಯಿತು. ಪ್ರಶ್ನೆಯ ಒಂದು ಸಾಲಿಗೂ ಧಕ್ಕೆ ಬರಲಿಲ್ಲ. ಆಯ್ಕೆ 4 ಮಾತ್ರ ಬಿದ್ದುಹೋಯಿತು. ಇದೇ ಪರೀಕ್ಷೆಯನ್ನು ಆಯ್ಕೆ 3ಕ್ಕೆ ಹಚ್ಚಿದರೆ ಅಂಥ ಸನ್ನಿವೇಶ ಕಟ್ಟಲು ಬರುವುದೇ ಇಲ್ಲ. ರೂಢಿಯಾದ ಮೇಲೆ ಇದಕ್ಕೆ ಆಯ್ಕೆಯೊಂದಕ್ಕೆ ಹತ್ತು ಸೆಕೆಂಡಿನಷ್ಟು ಸಾಕು. ಎರಡು ಆಯ್ಕೆಯ ನಡುವೆ ಮನಸ್ಸು ತೂಗಾಡುವಾಗ ಮಾತ್ರ ಬಳಸಬೇಕು, ನಾಲ್ಕಕ್ಕೂ ಬಳಸಿದರೆ ಪ್ರಶ್ನೆ ಓದುವ ಹೊತ್ತೂ ಸೇರಿ 72 ಸೆಕೆಂಡ್ ದಾಟುತ್ತದೆ.

ಸೆಲೆ ಸರಿದದ್ದೂ ನೆಪ್ಚೂನ್ ಸಿಕ್ಕದ್ದೂ

ಚರ್ಚೆ ಬಿಸಿಯೇರಿದ್ದು ಎಂ.ಕಾಂ.ನವರ ಒಂದು ಆಕ್ಷೇಪದಿಂದ. “ಅಲ್ಲಕ್ಕ, ಸೆಲೆ ಸರೀತು ಅಂದ್ರೆ ತಪ್ಪೇನೈತೆ? ನ್ಯೂಟನ್ ಲೆಕ್ಕ ತಪ್ಪಿದಾಗ ವಿಜ್ಞಾನಿಗಳೂ ಹಿಂಗೇ ಅಲ್ವಾ ಮಾಡಿದ್ದು, ಕಾಣದೇ ಇರೋ ಗ್ರಹ ಒಂದೈತೆ ಅಂತ?” ಎಂದು ರಸಾಯನಶಾಸ್ತ್ರದವರನ್ನು ಕೇಳಿದರು. ಇದು ತಳ್ಳಿಹಾಕುವ ಆಕ್ಷೇಪವಲ್ಲ. ಸಿದ್ಧಾಂತದ ಲಕ್ಷಣಗಳ ಮೇಲೆ ಬರುವ ಕಠಿಣ ಪ್ರಶ್ನೆಗಳು ಬಹುಪಾಲು ಇದೇ ಜಾಗದಲ್ಲಿ ಹುಟ್ಟುತ್ತವೆ: ಸಿದ್ಧಾಂತವನ್ನು ಉಳಿಸಲು ಸೇರಿಸಿದ ಹೊಸ ಊಹೆ ಯಾವಾಗ ನ್ಯಾಯ, ಯಾವಾಗ ನೆಪ?

ಯುರೇನಸ್ ಪತ್ತೆಯಾದದ್ದು 1781ರಲ್ಲಿ. ಮುಂದಿನ ದಶಕಗಳಲ್ಲಿ ಅದು ನ್ಯೂಟನ್ನನ ಗುರುತ್ವ ನಿಯಮದ ಲೆಕ್ಕಕ್ಕೆ ಸರಿಹೊಂದದೆ ಆಚೀಚೆ ಸರಿಯತೊಡಗಿತು. ಪ್ಯಾರಿಸ್ಸಿನ ಲೆವೆರಿಯೆ ಮತ್ತು ಇಂಗ್ಲೆಂಡಿನ ಆಡಮ್ಸ್, ಆಚೆ ಇನ್ನೊಂದು ಗ್ರಹ ಇದ್ದು ಅದು ಎಳೆಯುತ್ತಿದೆ ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಮೇಲ್ನೋಟಕ್ಕೆ ಇದು ‘ಸೆಲೆ ಸರಿದಿದೆ’ ಎಂದ ಹಾಗೆಯೇ. ಆದರೆ ಲೆವೆರಿಯೆ ಆಕಾಶದಲ್ಲಿ ಎಲ್ಲಿ ನೋಡಬೇಕು ಎಂಬುದನ್ನೂ ಬರೆದು ಕಳಿಸಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ ವೀಕ್ಷಣಾಲಯದಲ್ಲಿ ಗಾಲೆ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಅಲ್ಲಿ ಏನೂ ಕಾಣದಿದ್ದರೆ ಆ ಊಹೆ ಬೀಳುತ್ತಿತ್ತು.

ಬಿದ್ದದ್ದೂ ಉಂಟು. ಬುಧನ ಕಕ್ಷೆಯಲ್ಲೂ ಲೆಕ್ಕಕ್ಕೆ ಸಿಗದ ಅಲ್ಪ ತಿರುಗಾಟ ಇತ್ತು, ಶತಮಾನಕ್ಕೆ ಸುಮಾರು 43 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್). 1859ರಲ್ಲಿ ಅದೇ ಲೆವೆರಿಯೆ ಅದೇ ಉಪಾಯ ಹೂಡಿ, ಸೂರ್ಯನಿಗೂ ಬುಧನಿಗೂ ನಡುವೆ ಕಾಣದ ದ್ರವ್ಯ ಇದೆ ಎಂದ. ಅಲ್ಲಿರಬೇಕಾದ ಗ್ರಹಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಗ್ರಹಣದ ವೇಳೆ ಹುಡುಕಿದರು, ಸಿಗಲಿಲ್ಲ. ಸಿಗದ ಗ್ರಹವನ್ನು ‘ಸರಿದುಹೋಗಿದೆ’ ಎಂದು ಉಳಿಸಿಕೊಳ್ಳಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಿಂದ ಆ 43 ಆರ್ಕ್‌ಸೆಕೆಂಡನ್ನು ಯಾವ ಹೊಸ ಗ್ರಹವನ್ನೂ ಸೇರಿಸದೆ ಲೆಕ್ಕದಲ್ಲಿ ತಂದ. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ಆರ್ಕ್‌ಸೆಕೆಂಡ್ ಬಾಗಬೇಕು ಎಂದೂ ಅದೇ ಸಿದ್ಧಾಂತ ಮುಂಚಿತವಾಗಿ ಹೇಳಿತು. 1919ರ ಮೇ 29ರ ಗ್ರಹಣದಲ್ಲಿ ಅದನ್ನು ಅಳೆದು ನೋಡಿದರು.

ಎರಡು ಸಂಗತಿ ಇಲ್ಲಿ ಅಭ್ಯರ್ಥಿಗಳಿಗೆ ಉಪಯೋಗಕ್ಕೆ ಬರುತ್ತವೆ. ಹೊಸ ಊಹೆ ತಾನೇ ಒಂದು ಹೊಸ ಮುನ್ಸೂಚನೆಯನ್ನು, ಜಾಗ ಮತ್ತು ಅಳತೆ ಸಮೇತ, ಕೊಡುತ್ತದೆಯೇ? ಕೊಟ್ಟರೆ ಅದು ನೆಪ್ಚೂನ್. ಕೊಡದಿದ್ದರೆ ಸರಿದ ಸೆಲೆ. ಇನ್ನೊಂದು: 1859ರಿಂದ 1915ರವರೆಗೆ ಬುಧನ ಲೆಕ್ಕ ತಪ್ಪಿದ್ದರೂ ನ್ಯೂಟನ್ನನ ಸಿದ್ಧಾಂತವನ್ನು ಯಾರೂ ಎಸೆಯಲಿಲ್ಲ. ‘ಒಂದೇ ಒಂದು ಮುನ್ಸೂಚನೆ ತಪ್ಪಿದರೆ ಸಿದ್ಧಾಂತ ಕೂಡಲೇ ಬಿದ್ದುಹೋಗುತ್ತದೆ’ ಎಂಬ ಆಯ್ಕೆ ಕಂಡರೆ, ಅದನ್ನು ಪ್ರಶ್ನೆಯ ಭಾಗವೇ (ಆಯ್ಕೆಗಳಿಗೆ ಮೊದಲು ಕೊಟ್ಟ ಮಾತುಗಳು) ಹೇಳಿದೆಯೋ ಇಲ್ಲವೋ ನೋಡಿಯೇ ಗುರುತಿಸಬೇಕು. ತಪ್ಪೆಂದು ತೋರಿಸಲು ಬರುವುದೇ ವೈಜ್ಞಾನಿಕ ಸಿದ್ಧಾಂತದ ಗುರುತು ಎಂದ ತತ್ತ್ವಜ್ಞಾನಿ ಕಾರ್ಲ್ ಪಾಪರ್ ಹೆಸರು ಸಂಶೋಧನಾ ಘಟಕದಲ್ಲಿ ಓದಿದವರು ಇಲ್ಲಿ ಅವಸರ ಮಾಡುತ್ತಾರೆ. ಪಾಪರ್ ಏನೆಂದ ಎಂದು ಪ್ರಶ್ನೆ ಕೇಳಿಲ್ಲ. ಪ್ರಶ್ನೆಯ ಭಾಗ ಕೊಟ್ಟ ಲಕ್ಷಣ ನಮಗೆ ಒಪ್ಪಿಗೆ ಇರಲಿ ಇಲ್ಲದಿರಲಿ, ಆ 72 ಸೆಕೆಂಡ್ ಅದೇ ನಿಯಮ.

ಎಂ.ಕಾಂ.ನವರ ಆಕ್ಷೇಪದಲ್ಲಿ ಇನ್ನೊಂದು ತುಣುಕು ಪೂರ್ತಿ ಸರಿಯಾಗಿತ್ತು. ಪ್ರಶ್ನೆಯ ಮೊದಲ ಕರಡಿನಲ್ಲಿ ‘ಸೆಲೆ ಪಕ್ಕಕ್ಕೆ ಸರಿದಿದೆ ಎಂದರ್ಥ’ ಎಂದಷ್ಟೇ ಇತ್ತು. ಹಾಗಿದ್ದರೆ ಪಕ್ಕದಲ್ಲಿ ಇನ್ನೊಂದು ಬೋರು ಕೊರೆಸಿ ಪರೀಕ್ಷಿಸಬಹುದಲ್ಲ ಎಂದು ಯಾರಾದರೂ ಕೇಳಿದರೆ, ಆಯ್ಕೆ 3 ಖಚಿತ ಎನ್ನಲು ಬರುತ್ತಿರಲಿಲ್ಲ. ‘ಎಲ್ಲಿಗೆ ಸರಿಯಿತೆಂದು ಹೇಳಲಾಗದು, ಏನೇ ಆದರೂ ಗುರುತು ತಪ್ಪಾಯಿತು ಎನ್ನುವಂತಿಲ್ಲ’ ಎಂಬ ಮಾತು ಸೇರಿದ ಮೇಲೆಯೇ ಪ್ರಶ್ನೆ ಗಟ್ಟಿಯಾದದ್ದು. ಅಣಕು ಪ್ರಶ್ನೆ ತಾವೇ ಬರೆದುಕೊಳ್ಳುವ ಗುಂಪುಗಳು ಇದನ್ನು ಗಮನಿಸಬೇಕು: ಪರೀಕ್ಷಿಸಲು ಬರುವುದಿಲ್ಲ ಎಂಬುದು ಓದುಗನಿಗೆ ಬಿಟ್ಟ ಊಹೆಯಾಗಬಾರದು, ವಾಕ್ಯದಲ್ಲೇ ಇರಬೇಕು.

ಅದಲು ಬದಲು

ಉಳಿದದ್ದು ಸರಿಯುತ್ತರ ಕೊಟ್ಟ ಕನ್ನಡ ಎಂ.ಎ.ಯವರ ಕಥೆ. ಕಾರಣ ಬರೆಯಿರಿ ಎಂದಾಗ ಅವರು ಬರೆದದ್ದು ‘ತೆಂಗಿನಕಾಯಿಯದು ಮೂಢನಂಬಿಕೆ’ ಎಂದು. ಪ್ರಶ್ನೆಯಲ್ಲಿ ಆ ಪದ ಇಲ್ಲ. ಅವರು ತರ್ಕ ಮಾಡಲಿಲ್ಲ, ಪಕ್ಷ ಆರಿಸಿಕೊಂಡರು. ಪಕ್ಷವೂ ಉತ್ತರವೂ ಆ ಸಲ ಒಂದೇ ಕಡೆ ಬಿದ್ದವು. ಬರೀ ಅಂಕ ಎಣಿಸುವ ಗುಂಪಿನಲ್ಲಿ ಇದು ಎಂದೂ ಬೆಳಕಿಗೆ ಬರುವುದಿಲ್ಲ. ಪ್ರತಿ ಉತ್ತರದ ಪಕ್ಕ ಒಂದು ಸಾಲು ಕಾರಣ ಬರೆಯುವ ಪದ್ಧತಿ ಇದ್ದದ್ದರಿಂದ ಬಂತು.

ಮುಂದಿನ ವಾರ ಅದೇ ಪ್ರಶ್ನೆಯನ್ನು ತಿರುವಿ ಕೊಟ್ಟರು. ಈ ಸಲ ಕಾಯಿ ಹಿಡಿಯುವವರು ‘ಕಾಯಿ ಎದ್ದ ಕಡೆ 200 ಅಡಿಯೊಳಗೆ ನೀರು ಬರದಿದ್ದರೆ ಈ ವಿದ್ಯೆಯೇ ಸುಳ್ಳು’ ಎನ್ನುತ್ತಾರೆ. ಮೀಟರಿನವರು ‘ರೋಧ ಕಡಿಮೆ ಇದ್ದ ಕಡೆ ನೀರಿರುತ್ತದೆ, ಬರದಿದ್ದರೆ ಬಿರುಕು ಮುಚ್ಚಿಕೊಂಡಿದೆ, ಅದನ್ನು ತಿಳಿಯುವ ದಾರಿಯಿಲ್ಲ, ಮೀಟರ್ ಅಂತೂ ತಪ್ಪಲ್ಲ’ ಎನ್ನುತ್ತಾರೆ. ಉತ್ತರ: ಮೀಟರಿನವರ ವಿವರಣೆ ಒಳ್ಳೆಯ ಸಿದ್ಧಾಂತ ಅಲ್ಲ. ಕನ್ನಡದವರು ಈಗಲೂ ಕಾಯಿಯನ್ನೇ ತಳ್ಳಿಹಾಕಿದರು. ಉಳಿದ ಮೂವರೂ ಸರಿ ಬರೆದರು.

ಕಾಯಿ, ಕವಲುಕಡ್ಡಿ ಕೈಯಲ್ಲಿ ಅಲುಗುವುದಕ್ಕೆ ಹಿಡಿದವರ ಅರಿವಿಗೆ ಬಾರದ ಸ್ನಾಯುಗಳ ಸಣ್ಣ ಚಲನೆಯೇ ಕಾರಣ ಎಂಬುದು ಚೆನ್ನಾಗಿ ಗೊತ್ತಿರುವ ವಿಷಯ. ಸಾಲ ಮಾಡಿ ಬೋರು ಕೊರೆಸುವ ರೈತರಿಗೆ ಅದನ್ನು ಹೇಳಲೇಬೇಕು, ಅದು ಮುಖ್ಯವಾದ ಮಾತು. ಆದರೆ ಉತ್ತರ ಪತ್ರಿಕೆಯ ಮುಂದೆ ಕೂತಾಗ ಕೇಳಿದ್ದು ಯಾವ ವಸ್ತು ವೈಜ್ಞಾನಿಕವಾಗಿ ಕಾಣುತ್ತದೆ ಎಂದಲ್ಲ, ಯಾವ ಮಾತು ತನ್ನನ್ನು ಪರೀಕ್ಷೆಗೆ ಒಡ್ಡಿದೆ ಎಂದು. ಯಂತ್ರ ಕೈಯಲ್ಲಿದ್ದ ಮಾತ್ರಕ್ಕೆ ವಿವರಣೆ ವಿಜ್ಞಾನವಾಗುವುದಿಲ್ಲ.

ಕನ್ನಡದ ಅಭ್ಯರ್ಥಿಗೆ ಇನ್ನೊಂದು ತೊಡಕೂ ಇತ್ತು, ಅದು ಭಾಷೆಯದು. ಸಿದ್ಧಾಂತ ಎಂದರೆ ಕನ್ನಡದಲ್ಲಿ ಸಿದ್ಧವಾದ ಅಂತ್ಯ, ಇತ್ಯರ್ಥವಾದ ನಿಲುವು. ಪಕ್ಷದ ಸಿದ್ಧಾಂತ, ಮತದ ಸಿದ್ಧಾಂತ ಎಂಬಲ್ಲೂ ಅದೇ ಧ್ವನಿ. ಅಂಥದ್ದು ‘ತಪ್ಪಾಗಬಹುದು’ ಎಂದು ತಾನೇ ಹೇಳಿಕೊಳ್ಳಬೇಕು ಎನ್ನುವುದು ಸಾಹಿತ್ಯದ ವಿದ್ಯಾರ್ಥಿಗೆ ವಿಚಿತ್ರವಾಗಿ ಕೇಳುತ್ತದೆ. ಇಂಗ್ಲಿಷ್ ಮಾಧ್ಯಮದವರಿಗೆ ಇದರ ಉಲ್ಟಾ: ಅವರ ಆಡುಮಾತಿನಲ್ಲಿ ‘ಥಿಯರಿ’ ಎಂದರೆ ಬರೀ ಊಹೆ. ವಿಜ್ಞಾನದಲ್ಲಿ ಅದು ಎರಡೂ ಅಲ್ಲ. ಬಹಳಷ್ಟು ಸಂಗತಿಗಳನ್ನು ಒಟ್ಟಿಗೆ ವಿವರಿಸಿ, ಮತ್ತೆ ಮತ್ತೆ ಪರೀಕ್ಷೆಯಲ್ಲಿ ನಿಂತು, ಆದರೂ ಮುಂದಿನ ಪರೀಕ್ಷೆಗೆ ಬಾಗಿಲು ತೆರೆದಿಟ್ಟ ವಿವರಣೆ ಅದು. ಕನ್ನಡದವರಿಗೆ ಕೊಟ್ಟ ಅಭ್ಯಾಸ ಸರಳ. ಪ್ರಶ್ನೆಯಲ್ಲಿರುವ ಹೆಸರುಗಳನ್ನೆಲ್ಲ ಅಳಿಸಿ ‘ಅ’, ‘ಆ’ ಎಂದು ಬರೆದು ಉತ್ತರಿಸುವುದು. ಕಾಯಿ ಇಲ್ಲ, ಮೀಟರ್ ಇಲ್ಲ. ‘ಅ’ ತಪ್ಪಾಗುವ ಸಂದರ್ಭ ಹೇಳಿದೆ, ‘ಆ’ ಹೇಳಿಲ್ಲ. ಹಾಗೆ ಬರೆದುಕೊಂಡಾಗ ತಿರುವಿದ ಪ್ರಶ್ನೆಗೂ ಅವರ ಉತ್ತರ ಸರಿ ಬಂತು.

ಮರಡಿಹಳ್ಳಿಯ ದಿಂಬುಗಳು

ಕಲಿತದ್ದು ಬೇರೆ ವಿಷಯಕ್ಕೂ ಹರಿಯಿತೇ ಎಂದು ನೋಡಲು ಮೂರನೆಯ ಪ್ರಶ್ನೆ ಇಟ್ಟರು. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಲಾವಾ ಶಿಲೆಗಳಿವೆ. ಅದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪ್ರಶ್ನೆಯ ಭಾಗ: “ಲಾವಾ ನೀರಿನೊಳಗೆ ಹೊಮ್ಮಿದ್ದರೆ ಮಾತ್ರ ದಿಂಬಿನ ಆಕಾರ ತಾಳುತ್ತದೆ. ಮರಡಿಹಳ್ಳಿಯ ಲಾವಾಕ್ಕೆ ಆ ಆಕಾರವಿದೆ. ಇನ್ನೊಂದು ಊರಿನ ಲಾವಾಕ್ಕೆ ಇಲ್ಲ.” ಆಯ್ಕೆಗಳು: ಇನ್ನೊಂದು ಊರಿನ ಲಾವಾ ನೆಲದ ಮೇಲೆ ಹೊಮ್ಮಿದ್ದು, ನೀರಿನೊಳಗೆ ಹೊಮ್ಮಿದ ಲಾವಾ ಎಲ್ಲವೂ ದಿಂಬಿನಾಕಾರದ್ದು, ಮರಡಿಹಳ್ಳಿಯಲ್ಲಿ ಆಗ ಸಮುದ್ರವಿತ್ತು, ಮರಡಿಹಳ್ಳಿಯ ಲಾವಾ ನೀರಿನೊಳಗೆ ಹೊಮ್ಮಿದ್ದು.

ಮೂವರು ಕೊನೆಯದನ್ನು ಗುರುತಿಸಿದರು, ಕಾರಣವನ್ನೂ ಸರಿಯಾಗಿ ಬರೆದರು: ‘ಮಾತ್ರ’ ಇದೆ, ಆದ್ದರಿಂದ ದಿಂಬು → ನೀರು. ಮೊದಲ ವಾರ ‘ಬೇಕು’ವನ್ನು ‘ಸಾಕು’ ಮಾಡಿದ್ದ ರಸಾಯನಶಾಸ್ತ್ರದವರು ಎರಡನೆಯ ಆಯ್ಕೆಯ ಪಕ್ಕ ‘ನೀರು ಬೇಕು, ಸಾಕು ಎಂದಿಲ್ಲ’ ಎಂದು ಬರೆದಿದ್ದರು.

ತಪ್ಪಿದವರು ಭೂವಿಜ್ಞಾನದವರು. ‘ಸಮುದ್ರವಿತ್ತು’ ಎಂದು ಗುರುತಿಸಿದ್ದರು, ಏಕೆಂದರೆ ಕಾಲೇಜಿನಲ್ಲಿ ಓದಿದ್ದು, ಕ್ಷೇತ್ರಕಾರ್ಯದಲ್ಲಿ ಆ ಬಂಡೆಗಳ ಮುಂದೆ ನಿಂತು ಕೇಳಿದ್ದು ಅದನ್ನೇ. ಪ್ರಶ್ನೆಯ ಭಾಗದಲ್ಲಿ ಇರುವುದು ನೀರು. ಕೆರೆಯ ತಳವಾದರೂ ಆ ವಾಕ್ಯ ನಿಜವಾಗಿಯೇ ಉಳಿಯುತ್ತದೆ. ಅವರಿಗೀಗ ಹೊಸ ಕಟ್ಟುಪಾಡು: ತಮ್ಮ ವಿಷಯದ ಪ್ರಶ್ನೆ ಬಂದಾಗ, ಆಯ್ಕೆಯಲ್ಲಿ ಇದ್ದು ಪ್ರಶ್ನೆಯ ಭಾಗದಲ್ಲಿ ಇಲ್ಲದ ಪ್ರತಿ ನಾಮಪದಕ್ಕೂ ಪೆನ್ಸಿಲಿನಲ್ಲಿ ಅಡಿಗೆರೆ ಎಳೆಯಬೇಕು. ಅಡಿಗೆರೆ ಬಿದ್ದ ಆಯ್ಕೆಯನ್ನು ಎರಡನೆಯ ಸಲ ಓದದೆ ಗುರುತಿಸುವಂತಿಲ್ಲ.